ಸಪ್ಪೆ ಪಾತ್ರೆ

ನಮ್ಮ ಆಸ್ಪತ್ರೆಯ ಅಡುಗೆಮನೆಯಿಂದ ದಿನಕ್ಕೆ ಎರಡು ಸಲ ನಾನೂರು ಜನರ ಊಟ ಹೊರಡುತ್ತದೆ. ಹದಿನೇಳು ವರ್ಷಗಳ ಕಾಲ ಅದರಲ್ಲಿ ಒಂದೇ ಒಂದು ಬಟ್ಟಲು ಕೂಡ ನನ್ನ ಅತ್ತಿಗೆ ರುಚಿ ನೋಡದೆ ಬಾಗಿಲು ದಾಟಿದ್ದಿಲ್ಲ. ಸೌಟು ಹಿಡಿಯುವವರು ಬೇರೆ ಆರು ಜನ ಇದ್ದರು. ಮುಖ್ಯ ಅಡುಗೆಯವಳಾದ ಅತ್ತಿಗೆಯ ಕೆಲಸ ಎರಡೇ: ಉಪ್ಪು ಹಾಕುವುದು, ರುಚಿ ನೋಡುವುದು. ಒಂದು ಲೋಟದಲ್ಲಿ ತೊಳೆದ ಚಮಚಗಳು, ಇನ್ನೊಂದು ಲೋಟ ಎಂಜಲು ಚಮಚಗಳಿಗೆ. ಹನ್ನೊಂದೂವರೆಗೆ ಅವಳು ಒಲೆಗಳ ಸಾಲಿನ ಈ ತುದಿಯಿಂದ ಹೊರಟು ಆ ತುದಿ ಮುಟ್ಟುವಷ್ಟರಲ್ಲಿ ಮೊದಲನೆಯ ಲೋಟ ಖಾಲಿ, ಎರಡನೆಯದು ಭರ್ತಿ. ತಲೆ ಆಡಿಸಿದರೆ ಪಾತ್ರೆಗೆ ಮುಚ್ಚಳ ಬೀಳುತ್ತಿತ್ತು. ಹುಬ್ಬು ಗಂಟಿಕ್ಕಿದರೆ ಆ ಒಲೆಯವನ ಪಾಡು ಯಾರಿಗೂ ಬೇಡ.

ಸೂಪಿನದು ಬೇರೆಯೇ ಪದ್ಧತಿ. ತರಕಾರಿಗಳನ್ನು ಉಪ್ಪಿಲ್ಲದೆ ಒಂದೇ ಹಂಡೆಯಲ್ಲಿ ಬೇಯಿಸಿ, ಒಂದೇ ಅಳತೆಯ ಎಂಟು ಸ್ಟೀಲ್ ಪಾತ್ರೆಗಳಿಗೆ ಬಗ್ಗಿಸುತ್ತಾರೆ, ವಾರ್ಡಿಗೊಂದು. ಏಳು ಪಾತ್ರೆಗೆ ಅತ್ತಿಗೆ ಉಪ್ಪು ಹಾಕುತ್ತಿದ್ದಳು. ಎಂಟನೆಯದು ಕಿಡ್ನಿ ವಾರ್ಡಿಗೆ, ಅದಕ್ಕೆ ಒಂದು ಹರಳೂ ಬೀಳಬಾರದು. ಅದನ್ನು ನಾವು ಸಪ್ಪೆ ಪಾತ್ರೆ ಎನ್ನುತ್ತಿದ್ದೆವು. ಆ ವಾರ್ಡಿನವರಿಗೆ ಉಪ್ಪು ಹೊಟ್ಟೆಗೆ ಹೋದರೆ ಬಾಯಾರಿಕೆ ತಡೆಯಲಾಗುವುದಿಲ್ಲ, ಕುಡಿದ ನೀರು ಹೊರಗೂ ಹೋಗುವುದಿಲ್ಲ. ಮೊದಲು ಕಾಲು ಊದುತ್ತದೆ, ಆಮೇಲೆ ಮುಖ, ಕೊನೆಗೆ ಎದೆಯಲ್ಲೇ ನೀರು ನಿಲ್ಲುತ್ತದೆ.

ಎಲ್ಲ ಆಸ್ಪತ್ರೆಗಳಲ್ಲೂ ಇಂಥ ಪಾತ್ರೆಗೆ ಏನಾದರೂ ಗುರುತು ಇರುತ್ತದೆ. ನಮ್ಮಲ್ಲಿ ಇರಲಿಲ್ಲ. ಇದ್ದದ್ದನ್ನು ಕಿತ್ತು ಹಾಕಿದವಳು ಅತ್ತಿಗೆಯೇ. ರೋಗಿಗಳ ಪಥ್ಯ ನೋಡುವ ಡಯಟ್ ಮೇಡಂ ಒಮ್ಮೆ ಸಪ್ಪೆ ಪಾತ್ರೆಯ ಹಿಡಿಗೆ ಕೆಂಪು ಟೇಪು ಸುತ್ತಿಸಿದ್ದರು. ಒಂದು ದಿನ ಪಾತ್ರೆ ತೊಳೆಯುವವರು ಟೇಪಿನ ಪಾತ್ರೆಯನ್ನು ಉಳಿದವುಗಳ ಜೊತೆ ತಂದಿಟ್ಟು, ಅದಕ್ಕೇ ಉಪ್ಪಿನ ಸೂಪು ಬಿದ್ದು ಅವಾಂತರವಾಯಿತು. ಅತ್ತಿಗೆ ರುಚಿ ನೋಡಿ ಹಿಡಿದಳು. "ಬಣ್ಣ ನೋಡಿ ಊಟ ಕಳ್ಸೋದಾದ್ರೆ ನಾನ್ಯಾಕೆ ಬೇಕು ಮೇಡಂ, ಟೇಪೇ ಸಾಕಲ್ಲ," ಎಂದು ಎಲ್ಲರ ಮುಂದೆ ಟೇಪು ಕಿತ್ತೆಸೆದಳು. ಮೇಡಂ ನಕ್ಕು ಸುಮ್ಮನಾದರು. ಅಂದಿನಿಂದ ಸಪ್ಪೆ ಪಾತ್ರೆ ಕಿಟಕಿಯ ಪಕ್ಕ ಇರುತ್ತಿತ್ತು, ಗಡಿಬಿಡಿಯಲ್ಲಿ ಅತ್ತಿತ್ತ ಆದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎಂಟನ್ನೂ ನಾಲಿಗೆಗೆ ಮುಟ್ಟಿಸಿ, ಇದೇ ಸಪ್ಪೆ ಎಂದು ಅತ್ತಿಗೆಯೇ ಬೆರಳು ತೋರಿಸಬೇಕು. ಹದಿನೇಳು ವರ್ಷ ಆ ಬೆರಳು ತಪ್ಪಿರಲಿಲ್ಲ.

ನಾನು ಅದೇ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವಳು. ಅಣ್ಣನ ಮದುವೆಯಾದಾಗ ನನಗೆ ಒಂಬತ್ತು ವರ್ಷ, ನಮಗೆ ತಾಯಿ ಇರಲಿಲ್ಲ. ನನ್ನ ತಲೆಯ ಹೇನು ತೆಗೆದವಳು, ಲೆಕ್ಕ ಬಾರದಾಗ ಕಿವಿ ಹಿಂಡಿದವಳು, ನಾನು ಗಂಡನ ಮನೆಯಿಂದ ಎರಡೇ ವರ್ಷಕ್ಕೆ ಪೆಟ್ಟಿಗೆ ಹೊತ್ತುಕೊಂಡು ವಾಪಸು ಬಂದಾಗ ಒಂದು ಮಾತೂ ಕೇಳದೆ ತಟ್ಟೆ ಇಟ್ಟವಳು ಅವಳೇ. ಮೂವತ್ತೆಂಟಾದರೂ ನಾನು ಅವಳಿಗೆ ಇನ್ನೂ ಪುಟ್ಟಿ. ಈ ಕೆಲಸ ಕೊಡಿಸಿದವಳೂ ಅವಳು. ಇಷ್ಟೆಲ್ಲ ಹೇಳುವುದು ಏಕೆಂದರೆ, ಮುಂದೆ ನಾನು ಮಾಡಿದ್ದಕ್ಕೆ ಇದೇ ಕಾರಣ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆರು ವರ್ಷದ ಹಿಂದೆ ಅವಳ ಬಲಗಣ್ಣು ಮಂಜಾಯಿತು. ಎಣ್ಣೆ ಕಾಗದದ ಆಚೆಯಿಂದ ನೋಡಿದ ಹಾಗೆ ಎಂದಳು. ಕಣ್ಣು ಒಂದೂವರೆ ತಿಂಗಳಿಗೆ ಸರಿಹೋಯಿತು, ಆದರೆ ಸೊಂಟದ ಸುತ್ತ ಹಗ್ಗ ಬಿಗಿದ ಹಾಗೆ ಅನಿಸಲು ಶುರುವಾಯಿತು. ನಮ್ಮ ಆಸ್ಪತ್ರೆಯಲ್ಲಿ ತೋರಿಸಿದರೆ ಸುದ್ದಿ ಅಡುಗೆಮನೆಗೆ ಬರುತ್ತದೆಂದು ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ಹೋದೆವು. ಸ್ಕ್ಯಾನಿನಲ್ಲಿ ಮಿದುಳಿನ ಮೇಲೆ ಬಿಳಿ ಚುಕ್ಕೆಗಳು ಕಂಡವು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು ನರರೋಗದ ಡಾಕ್ಟರು, ಎಂ.ಎಸ್. ಅಂತ ಕರೆಯುತ್ತಾರೆ. ಕರೆಂಟು ವೈರಿನ ಮೇಲೆ ರಬ್ಬರು ಇರುವಂತೆ ನರಗಳ ಮೇಲೊಂದು ಹೊದಿಕೆ ಇರುತ್ತದಂತೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಆ ಹೊದಿಕೆಯನ್ನು ಅಲ್ಲಲ್ಲಿ ಕಿತ್ತು ತಿನ್ನುತ್ತದಂತೆ. ಎಲ್ಲಿ, ಯಾವಾಗ ಎಂದು ಯಾರೂ ಹೇಳಲಾರರು.

ಅತ್ತಿಗೆ ಅಳಲಿಲ್ಲ. ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು, ಅಣ್ಣ ಚುಚ್ಚಲು ಕಲಿತ. ಅವನು ಬೀಗ ರಿಪೇರಿಯವನು, ಕೂದಲೆಳೆಯಂಥ ತಂತಿಯನ್ನು ಬೀಗದೊಳಗೆ ಆಡಿಸುವ ಕೈ. ಆ ಕೈ ಹೆಂಡತಿಯ ತೊಡೆಯ ಹತ್ತಿರ ಬರುವಾಗ ನಡುಗುತ್ತಿತ್ತು. "ಬೀಗ ಅಂದ್ಕೊಂಡು ಚುಚ್ಚಿ, ತೆರ್ಕೊಂಡ್ರೆ ಒಳಗೇನಿದೆ ನೋಡೋಣ," ಎಂದು ಅವಳು ರೇಗಿಸುತ್ತಿದ್ದಳು. ಆದರೆ ಒಂದು ಸಲ, ನಾವಿಬ್ಬರೇ ಬಸ್ಸಿಗೆ ಕಾಯುತ್ತಿದ್ದಾಗ, ಯಾರೂ ಕೇಳದೆಯೇ ಹೇಳಿದಳು: "ಕಣ್ಣು ಹೋದ್ರೂ ನಡಿಯುತ್ತೆ ಪುಟ್ಟಿ, ಚಮಚಕ್ಕೆ ಬಾಯಿಯ ದಾರಿ ಗೊತ್ತು. ನಾಲಿಗೆ ಒಂದನ್ನ ಅದು ಮುಟ್ಟದೇ ಇರ್ಲಿ. ಅದು ಹೋದ್ರೆ ನಾನು ಯಾರು?" ನಾನು ಬಸ್ಸಿನ ನಂಬರು ನೋಡುವ ನೆಪದಲ್ಲಿ ಆಚೆ ತಿರುಗಿಕೊಂಡೆ.

ಮೊದಲು ಗೊತ್ತಾಗಿದ್ದು ಮನೆಯಲ್ಲಿ. ಅಣ್ಣ ಊಟದ ನಡುವೆ ಎರಡು ಲೋಟ ನೀರು ಕುಡಿಯುವವನಾದ. ಒಂದು ದಿನ ತುತ್ತು ನುಂಗಿ, "ಸಮುದ್ರ ನಮ್ಮನೆಯಿಂದ ಎಷ್ಟು ದೂರ ಇರಬಹುದು," ಎಂದ.

"ಯಾಕೆ?" ಎಂದಳು ಅತ್ತಿಗೆ.

"ಸುಮ್ನೆ ಕೇಳ್ದೆ. ಹತ್ರ ಬಂದ ಹಾಗಿದೆ."

"ನಿಮ್ಮಣ್ಣಂಗೆ ವಯಸ್ಸಾಯ್ತು ಪುಟ್ಟಿ, ನಾಲಿಗೆ ಸತ್ತಿದೆ," ಎಂದು ಅವಳು ತನ್ನ ತಟ್ಟೆಯ ಅದೇ ಪಲ್ಯಕ್ಕೆ ಇನ್ನೊಂದು ಚಿಟಿಕೆ ಉಪ್ಪು ಉದುರಿಸಿಕೊಂಡಳು. ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ನನ್ನ ಬಾಯಿ ಆಗಲೇ ಉರಿಯುತ್ತಿತ್ತು.

ಆ ವಾರವೇ ಹೆರಿಗೆ ವಾರ್ಡಿನಿಂದ ಒಂದು ಪಾತ್ರೆ ವಾಪಸು ಬಂತು, ಉಪ್ಪು ಜಾಸ್ತಿ ಎಂದು. ಹದಿನೇಳು ವರ್ಷದಲ್ಲಿ ಮೊದಲ ಸಲ. ಅತ್ತಿಗೆ ಚಮಚ ಅದ್ದಿ ನೋಡಿ, "ಸರಿಯಾಗೇ ಇದೆ. ಬಾಣಂತಿಯರ ಬಾಯಿ ಕೆಟ್ಟಿರುತ್ತೆ," ಎಂದು ವಾಪಸು ಕಳಿಸಿದಳು. ನಾನು ಹಿಂದಿನಿಂದ ಸೌಟಿನ ಅಂಚಿಗೆ ಬೆರಳು ಒರೆಸಿ ನಾಲಿಗೆಗೆ ಇಟ್ಟುಕೊಂಡೆ. ಸರಿಯಾಗಿರಲಿಲ್ಲ.

ಭಾನುವಾರ ನಾನು ಒಂದು ಕಳ್ಳಾಟ ಆಡಿದೆ. ಆಲೂಗಡ್ಡೆ ಬೇಯಿಸಿ ಹಿಸುಕಿ ಎರಡು ಬಟ್ಟಲಿಗೆ ಹಾಕಿದೆ. ಎಡಗಡೆಯದಕ್ಕೆ ಉಪ್ಪಿಲ್ಲ, ಬಲಗಡೆಯದಕ್ಕೆ ಹದವಾಗಿ ಹಾಕಿದ್ದೆ. "ಯಾವುದಕ್ಕೋ ಉಪ್ಪು ಹಾಕಿದೆ, ಯಾವುದು ಅಂತ ಮರ್ತುಹೋಯ್ತು, ನೋಡಿ ಹೇಳು," ಎಂದೆ. ಅವಳು ಎರಡರಲ್ಲೂ ಒಂದೊಂದು ಚಮಚ ತಿಂದಳು. ಒಂದು ಕ್ಷಣವೂ ಯೋಚಿಸಲಿಲ್ಲ. "ಎಡಗಡೇದು. ಇಷ್ಟೂ ಗೊತ್ತಾಗಲ್ವೇನೇ ನಿಂಗೆ," ಎಂದಳು.

ಅವಳು ತಡವರಿಸಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಗೊತ್ತಾಗುತ್ತಿಲ್ಲ ಎಂದಿದ್ದರೆ ಕೈ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಆದರೆ ಅವಳ ಮುಖದಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ. ರೋಗ ಅವಳ ರುಚಿಯನ್ನು ಕದ್ದು, ಕದ್ದದ್ದು ಗೊತ್ತಾಗದ ಹಾಗೆ ಬಾಗಿಲು ಹಾಕಿಕೊಂಡು ಹೋಗಿತ್ತು.

ಹೇಳಬೇಕಿತ್ತು. ಅಂದೇ, ಆ ಕ್ಷಣವೇ ಹೇಳಬೇಕಿತ್ತು. ಬಸ್ ಸ್ಟಾಪಿನ ಮಾತು ಅಡ್ಡ ಬಂತು. ಹೇಳುವ ಬದಲು ನಾನೊಂದು ಉಪಾಯ ಹೂಡಿದೆ, ನನ್ನಂಥ ಹೇಡಿಗಳಿಗೆ ಉಪಾಯಗಳಿಗೇನು ಬರ. ಅತ್ತಿಗೆ ಉಪ್ಪು ಹಾಕಿ ಅನ್ನದ ಒಲೆಗಳ ಕಡೆ ತಿರುಗಿದ ಕೂಡಲೇ, ತರಕಾರಿ ಸಿಪ್ಪೆ ಎತ್ತುವ ನೆಪದಲ್ಲಿ ಪಾತ್ರೆಗಳ ಹತ್ತಿರ ಹೋಗುತ್ತಿದ್ದೆ. ಏಪ್ರನ್ನಿನ ಜೇಬಿನಲ್ಲಿ ಒಂದು ಸಣ್ಣ ಚಮಚ. ಕಿಟಕಿಯ ಪಕ್ಕದ್ದೊಂದನ್ನು ಬಿಟ್ಟು ಏಳು ಪಾತ್ರೆಗಳ ರುಚಿ ನೋಡುತ್ತಿದ್ದೆ. ಉಪ್ಪು ಮುಂದಾಗಿದ್ದರೆ ಕೆಟಲಿನ ಬಿಸಿನೀರು ಸುರಿದು ತಿರುವುತ್ತಿದ್ದೆ. ಪ್ರತಿದಿನ ಎರಡು ಹೊತ್ತು, ಮೂರು ವಾರ. ವಾರ್ಡುಗಳಿಂದ ದೂರು ನಿಂತಿತು. ಅತ್ತಿಗೆ ಡಯಟ್ ಮೇಡಮ್ಮಿಗೆ, "ನೋಡಿದ್ರಾ, ಬಾಣಂತಿಯರ ಬಾಯಿ ಸರಿಹೋಯ್ತು," ಎಂದಳು.

ಸಪ್ಪೆ ಪಾತ್ರೆಯನ್ನು ನಾನು ಒಂದು ದಿನವೂ ಮುಟ್ಟಿ ನೋಡಲಿಲ್ಲ. ಉಪ್ಪೇ ಹಾಕದ ಪಾತ್ರೆಯಲ್ಲಿ ನೋಡುವುದಕ್ಕೇನಿದೆ ಎಂದುಕೊಂಡಿದ್ದೆ. ಉಪ್ಪು ಹಾಕಿದವಳಿಗೆ ಎಂಟೂ ಒಂದೇ ರುಚಿಯಾಗಿದ್ದಾಗ ಎಂಟನ್ನೂ ಅವಳು ಹೇಗೆ ಬೇರ್ಪಡಿಸುತ್ತಾಳೆ ಎಂಬ ಪ್ರಶ್ನೆ ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಒಂದು ಗುರುವಾರ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಟ್ರಾಲಿಯಮ್ಮ ಬಂದಳು. ಕಿಡ್ನಿ ವಾರ್ಡಿಗೆ ಊಟದ ಗಾಡಿ ತಳ್ಳುವವಳು ಅವಳು, ಬಾಯಿ ಗಾಡಿಗಿಂತ ಜೋರು. ಅತ್ತಿಗೆಯ ಕೈ ಹಿಡಿದುಕೊಂಡು ಕುಲುಕಿದಳು.

"ಅಕ್ಕಾ, ಏಳನೇ ಬೆಡ್ಡಿನ ತಾತ ಇಲ್ವಾ, ಗಡಿಯಾರ ರಿಪೇರಿ ಮಾಡ್ತಿದ್ರಲ್ಲ, ಅವ್ರು ಈ ಕೈಗೆ ನಮಸ್ಕಾರ ಹೇಳು ಅಂದ್ರು. ಎರಡು ವರ್ಷದಿಂದ ಬಂದು ಹೋಗಿ ಮಾಡ್ತಿದೀನಿ, ಈಗ ಒಂದು ವಾರದಿಂದ ಸೂಪು ಸೂಪಿನ ಹಾಗಿದೆ ಅಂದ್ರು. ವಾರ್ಡಲ್ಲಿ ಎಲ್ರೂ ಬಟ್ಟಲು ನೆಕ್ಕಿ ಕೊಡ್ತಿದಾರೆ."

ಅತ್ತಿಗೆಯ ಮುಖ ಅರಳಿತು. ಈ ಅಡುಗೆಮನೆಗೆ ಹೊಗಳಿಕೆ ಬರುವುದೇ ಅಪರೂಪ, ಅದರಲ್ಲೂ ಕಿಡ್ನಿ ವಾರ್ಡಿನಿಂದ ಎಂದೂ ಬಂದಿರಲಿಲ್ಲ. ನನ್ನ ಕೈಯ ಚಾಕು ಕ್ಯಾರೆಟ್ಟಿನ ಮೇಲೆ ನಿಂತುಬಿಟ್ಟಿತು. ಉಪ್ಪಿಲ್ಲದ ನೀರು ಸೂಪನ್ನು ಯಾರೂ ನೆಕ್ಕುವುದಿಲ್ಲ.

ಟ್ರಾಲಿಯಮ್ಮ ಅಲ್ಲಿಗೇ ನಿಲ್ಲಿಸಲಿಲ್ಲ. "ಪಾಪ, ಅದೇ ತಾತಂಗೆ ಇವತ್ತು ಬೆಳಗ್ಗೆಯಿಂದ ಉಸಿರಾಡಕ್ಕೆ ಆಗ್ತಿಲ್ಲ. ಮೈಯೆಲ್ಲ ಊದಿದೆ, ತೂಕ ನಾಲ್ಕು ಕೆಜಿ ಏರಿದೆ. ಮಗಳು ಕದ್ದು ಮನೆಯಿಂದ ಏನೋ ತಿನ್ನಿಸಿದಾಳೆ ಅಂತ ಡಾಕ್ಟ್ರು ಕೂಗಾಡಿ ಅವಳನ್ನ ಹೊರಗೆ ಹಾಕಿದ್ರು. ಇನ್ನೂ ಇಬ್ರಿಗೆ ಕಾಲು ಊದಿದೆ. ಮನೆಯವ್ರಿಗೆ ಬುದ್ಧಿ ಬೇಡ್ವಾ ಅಕ್ಕಾ." ಹಾಗೆನ್ನುತ್ತಲೇ ಅತ್ತಿಗೆ ಬೆರಳು ತೋರಿಸಿದ ಪಾತ್ರೆಯನ್ನು ಎತ್ತಿ ಗಾಡಿಗೆ ಇಟ್ಟಳು.

ನಾನು ಎದ್ದು ಹೋಗಿ ಜೇಬಿನ ಚಮಚವನ್ನು ಅದರಲ್ಲಿ ಅದ್ದಿದೆ. ಎಲ್ಲರ ಎದುರಿಗೇ. ಬಾಯಿಗೆ ಇಟ್ಟುಕೊಂಡೆ. ನಾನು ನೀರು ಬೆರೆಸಿದ್ದ ಬೇರೆ ಏಳು ಪಾತ್ರೆಗಳಿಗಿಂತ ಉಪ್ಪಾಗಿತ್ತು. ಯಾವುದಕ್ಕೆ ಹಾಕಿದೆ, ಯಾವುದಕ್ಕಿಲ್ಲ ಎಂದು ನಾಲಿಗೆ ಹೇಳದೆ ಅತ್ತಿಗೆ ಎಂಟಕ್ಕೂ ಹಾಕಿದ್ದಳು.

ಆಮೇಲೆ ನಾನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಗಾಡಿಯ ಮೇಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಚರಂಡಿಗೆ ಬಗ್ಗಿಸಿಬಿಟ್ಟೆ. ಬಿಸಿ ಸೂಪು ಪಾದದ ಮೇಲೆ ಬಿತ್ತು. ಟ್ರಾಲಿಯಮ್ಮ ಹಿಂದಕ್ಕೆ ಹಾರಿದಳು.

"ತಲೆ ಕೆಟ್ಟಿದೆಯೇನೇ ನಿಂಗೆ," ಎಂದಳು ಅತ್ತಿಗೆ. ಅವಳ ದನಿ ಇಡೀ ಅಡುಗೆಮನೆಗೆ ಕೇಳಿತು.

"ಉಗ್ರಾಣಕ್ಕೆ ಬಾ ಅತ್ತಿಗೆ."

"ಮೂವತ್ತು ಜನ ಊಟಕ್ಕೆ ಕಾಯ್ತಿದಾರೆ."

"ಹಂಡೆಯಲ್ಲಿ ಉಪ್ಪು ಬೀಳದೇ ಇರೋ ಸೂಪು ಇನ್ನೂ ಇದೆ, ಅದನ್ನ ಕಳ್ಸ್ತಾರೆ. ನೀನು ಬಾ."

ಉಗ್ರಾಣದ ಬಾಗಿಲು ಹಾಕಿದೆ. ಮೂಟೆಗಳ ನಡುವೆ ಇಬ್ಬರು ನಿಲ್ಲುವಷ್ಟೇ ಜಾಗ. ಪಾತ್ರೆಯ ತಳದಲ್ಲಿ ಉಳಿದಿದ್ದ ಒಂದು ಸೌಟು ಸೂಪನ್ನು ತಂದಿದ್ದೆ. ಕುಡಿ ಎಂದೆ. ಅವಳು ಕುಡಿದಳು. "ಸಪ್ಪೆ," ಎಂದಳು. ನಾನು ಅಳುತ್ತಾ ನಿಂತಿದ್ದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ತಾನೇ ಹೋಗಿ ಉಪ್ಪಿನ ಮೂಟೆಗೆ ಕೈಹಾಕಿ, ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡಳು.

ಬಾಯಿ ತುಂಬ ಉಪ್ಪು ಬಿದ್ದಾಗ ಯಾವ ಮನುಷ್ಯನ ಮುಖವೂ ಮೊದಲಿನ ಹಾಗೆ ಇರುವುದಿಲ್ಲ. ಹಿಂಡಿಕೊಳ್ಳುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಉಗಿಯುತ್ತಾರೆ. ಅತ್ತಿಗೆ ಅಗಿದಳು. ಉಪ್ಪಿನ ಹರಳು ಹಲ್ಲಿಗೆ ಸಿಕ್ಕಿ ಕರಕರ ಎನ್ನುವುದು ನನಗೆ ಕೇಳಿಸುತ್ತಿತ್ತು. ಅವಳ ಮುಖ ಹಾಗೆಯೇ ಇತ್ತು. ಕೊನೆಗೆ ಅವಳು ಎಲ್ಲವನ್ನೂ ಅಂಗೈಗೆ ಉಗಿದು ಅದನ್ನೇ ನೋಡುತ್ತಾ ನಿಂತಳು.

"ಚುರುಚುರು ಅಂತಿದೆ," ಎಂದಳು, ಬಹಳ ಮೆಲ್ಲಗೆ. "ಉಪ್ಪು ಅಂತ ಗೊತ್ತಾಗ್ತಿಲ್ಲ. ಪುಟ್ಟಿ, ನಂಗೆ ಹೆದ್ರಿಕೆ ಆಗ್ತಿದೆ."

ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ. ಅವಳ ಕೈ ತೊಳೆಸಿದೆ. ತೊಳೆಸುತ್ತಲೇ, ದೇವರು ನನ್ನನ್ನು ಕ್ಷಮಿಸಲಿ, ಹೇಳಿದೆ: "ಯಾರಿಗೂ ಗೊತ್ತಿಲ್ಲ ಅತ್ತಿಗೆ. ಸೂಪು ಚರಂಡಿಗೆ ಹೋಯ್ತು. ಇನ್ಮೇಲೆ ಎಂಟನ್ನೂ ನಾನು ನೋಡ್ತೀನಿ. ನೀನು ಸುಮ್ನೆ ಚಮಚ ಹಿಡ್ಕೊಂಡು ನಿಂತಿರು."

"ಆ ಹುಡುಗಿ ಹೊರಗೆ ಕೂತಿದಾಳಲ್ಲ," ಎಂದಳು ಅತ್ತಿಗೆ.

"ಯಾವ ಹುಡುಗಿ?"

"ಮಗಳು. ಅಪ್ಪಂಗೆ ವಿಷ ಹಾಕಿದೆ ಅನ್ನಿಸ್ಕೊಂಡು."

ಏಪ್ರನ್ ಬಿಚ್ಚಿ ಗೋಡೆಯ ಮೊಳೆಗೆ ಹಾಕಿ ಹೊರಟಳು. ನಾನು ಹಿಂದೆ ಓಡಿದೆ. ಕಿಡ್ನಿ ವಾರ್ಡು ಎರಡನೇ ಮಹಡಿಯಲ್ಲಿದೆ. ಮೆಟ್ಟಿಲು ಹತ್ತುವಾಗ ಅವಳು ಕಂಬಿ ಹಿಡಿದುಕೊಂಡು ಎರಡು ಸಲ ನಿಂತಳು, ಬಾಯಲ್ಲಿ ನಾಲಿಗೆ ಆಡಿಸುತ್ತಾ ಏನನ್ನೋ ಹುಡುಕುತ್ತಿದ್ದಳು. ನನಗಂತೂ ಕಾಲಿನ ಸುಟ್ಟ ಉರಿಯೂ ಗೊತ್ತಾಗುತ್ತಿರಲಿಲ್ಲ.

ವಾರ್ಡಿನ ಬಾಗಿಲ ಮೇಲೆ ಕೈಬರಹದ ಹೊಸ ಕಾಗದ ಅಂಟಿಸಿದ್ದರು, ಮನೆ ಊಟ ತರಬಾರದು ಎಂದು. ಅದರ ಕೆಳಗೆ ಬೆಂಚಿನ ಮೇಲೆ ಮಗಳು ಕೂತಿದ್ದಳು. ಹುಡುಗಿ ಏನಲ್ಲ, ನನ್ನ ವಯಸ್ಸಿನವಳೇ. ಅತ್ತು ಅತ್ತು ಮುಖ ಊದಿತ್ತು. ಗಾಜಿನ ಬಾಗಿಲಿನ ಆಚೆ ಏಳನೇ ಬೆಡ್ಡಿನ ಸುತ್ತ ಮೂವರು ನಿಂತಿದ್ದರು, ತಾತನ ಮುಖಕ್ಕೆ ಆಮ್ಲಜನಕದ ಮಾಸ್ಕು, ಎದೆ ನೀರಿಂದ ತೆಗೆದ ಮೀನಿನ ಹಾಗೆ ಏರಿಳಿಯುತ್ತಿತ್ತು.

ಅತ್ತಿಗೆ ಅವಳ ಪಕ್ಕ ಕೂರಲಿಲ್ಲ, ಎದುರಿಗೆ ನಿಂತಳು. "ನಾನು ಅಡುಗೆಮನೆಯವಳು. ನಿಮ್ಮ ತಂದೆ ಸೂಪಿಗೆ ಉಪ್ಪು ಬಿದ್ದಿತ್ತು. ಒಂದು ವಾರದಿಂದ. ಹಾಕಿದ್ದು ನಾನು. ನೀವಲ್ಲ ಅಂತ ಡಾಕ್ಟ್ರಿಗೆ ಈಗ್ಲೇ ಹೇಳ್ತೀನಿ."

ಮಗಳು ಬೆಂಚಿನಿಂದ ಎದ್ದಳು. "ಹಾಕೋವಾಗ ನಿಮಗೆ ಗೊತ್ತಾಗ್ಲಿಲ್ವಾ?" ಎಂದಳು.

"ಇಲ್ಲ. ನಂಗೊಂದು ಕಾಯಿಲೆ ಇದೆ. ನಾಲಿಗೆಗೆ ಬಂದಿದೆ ಅನ್ನೋದು ನಂಗೆ ಈಗ ಗೊತ್ತಾಯ್ತು."

"ಅಲ್ಲಿ ಅಷ್ಟು ಜನ ಇದೀರಿ. ಯಾರಿಗೂ ಗೊತ್ತಾಗ್ಲಿಲ್ವಾ?"

ಅತ್ತಿಗೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ನನ್ನ ಏಪ್ರನ್ನಿನ ಜೇಬಿನಿಂದ ಸಣ್ಣ ಚಮಚದ ಹಿಡಿ ಹೊರಗೆ ಕಾಣುತ್ತಿತ್ತು. ತರಕಾರಿ ಹೆಚ್ಚುವವಳಿಗೆ ಚಮಚ ಯಾಕೆ ಬೇಕು ಎಂದು ಅವಳು ಕೇಳಲಿಲ್ಲ. ನಾನು ತಲೆ ತಗ್ಗಿಸಿದೆ. ಅಷ್ಟು ಸಾಕಾಯಿತು.

ತಾತ ಉಳಿದರು. ಅಂದು ಮಧ್ಯಾಹ್ನವೇ ಡಯಾಲಿಸಿಸ್ ಯಂತ್ರಕ್ಕೆ ಹಾಕಿ ಮೈಯ ನೀರು ತೆಗೆದರು, ಮರುದಿನ ಮತ್ತೊಂದು ಸಲ. ಮೂರನೇ ದಿನ ಮಗಳ ಕೈಯಿಂದ ಊಟ ಮಾಡಿದರೆಂದು ಟ್ರಾಲಿಯಮ್ಮ ಹೇಳಿದಳು. ಸೂಪು ಬಾಯಿಗಿಟ್ಟು ಮುಖ ಕಿವುಚಿ, ಅಡುಗೆಯವರನ್ನು ಬದಲಾಯಿಸಿದರಾ ಎಂದು ಕೇಳಿದರಂತೆ. ಡಯಟ್ ಮೇಡಂ ಅತ್ತಿಗೆಯನ್ನು ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾಯಿತು. ಇನ್ನು ಮೇಲೆ ತಟ್ಟೆ ಜೋಡಿಸುವ ವಿಭಾಗ ನೋಡಿಕೊಳ್ಳಿ ಎಂದರು. ನನ್ನ ಮೂರು ವಾರದ ಕಳ್ಳಾಟವನ್ನು ಅತ್ತಿಗೆ ಯಾರಿಗೂ ಹೇಳಲಿಲ್ಲ, ಅಣ್ಣನಿಗೂ ಕೂಡ. ನನ್ನ ಜೊತೆ ಮಾತು ಮಾತ್ರ ನಿಲ್ಲಿಸಿದಳು. ಬೈದಿದ್ದರೆ, ಎರಡು ಬಾರಿಸಿದ್ದರೆ ನೆಮ್ಮದಿಯಾಗಿರುತ್ತಿತ್ತು.

ಮುಂದಿನ ಮಂಗಳವಾರ ನರರೋಗದ ಡಾಕ್ಟರ ಹತ್ತಿರ ಹೋದೆವು. ಅಣ್ಣನಿಗೆ ಕೆಲಸ ಇತ್ತು, ನಾನೇ ಜೊತೆಗೆ ಹೋದೆ. ನರ್ಸು ಸಣ್ಣ ಬಾಟಲಿಗಳ ಪೆಟ್ಟಿಗೆ ತಂದಳು. ಅತ್ತಿಗೆಯ ನಾಲಿಗೆಯ ಎಡ, ಬಲ, ಮುಂದೆ, ಹಿಂದೆ ಒಂದೊಂದು ಹನಿ ಬಿಟ್ಟು, ಬಾಯಿ ತೊಳೆಸಿ, ಸಿಹಿಯಾ, ಉಪ್ಪಾ, ಹುಳಿಯಾ, ಕಹಿಯಾ ಎಂದು ಕೇಳಿದಳು. ಒಂದು ಗಂಟೆ ಹಿಡಿಯಿತು. ನಾನು ಹಿಂದೆ ಕೂತು ನರ್ಸಿನ ಕಾಗದವನ್ನು ನೋಡುತ್ತಿದ್ದೆ. ಹುಳಿಯನ್ನು ಅತ್ತಿಗೆ ಸರಿಯಾಗಿ ಹೇಳುತ್ತಿದ್ದಳು, ಕಹಿಯನ್ನೂ ಹೆಚ್ಚು ಸಲ. ಉಪ್ಪಿನ ಸಾಲಿನಲ್ಲಿ ತಪ್ಪು ಗುರುತುಗಳು ಬೀಳುತ್ತಲೇ ಹೋದವು, ಸಿಹಿಯ ಸಾಲಿನಲ್ಲೂ. ಒಂದು ಸಲವೂ ಅವಳು ಗೊತ್ತಿಲ್ಲ ಎನ್ನಲಿಲ್ಲ. ಉಪ್ಪಿಗೆ ಕಹಿ ಎಂದಳು, ಬರೀ ನೀರಿಗೆ ಉಪ್ಪು ಎಂದಳು, ಎಲ್ಲವನ್ನೂ ಅಡುಗೆಮನೆಯಲ್ಲಿ ಹೇಳುತ್ತಿದ್ದಷ್ಟೇ ಖಂಡಿತವಾಗಿ.

ಡಾಕ್ಟರು ಹೊಸ ಸ್ಕ್ಯಾನಿನ ಚಿತ್ರ ತೋರಿಸಿದರು. ಚುಕ್ಕೆಗಳು ಹೆಚ್ಚಿದ್ದವು. ಈ ಕಾಯಿಲೆಯಲ್ಲಿ ರುಚಿ ಕೆಡುವುದು ಜನ ಅಂದುಕೊಂಡಿರುವಷ್ಟು ಅಪರೂಪವಲ್ಲ, ಎಷ್ಟೋ ಜನರಿಗೆ ತಮಗೆ ಹಾಗಾಗಿದೆ ಎಂಬುದೇ ತಿಳಿದಿರುವುದಿಲ್ಲ ಎಂದರು. ಕೆಲವು ದಿನ ಡ್ರಿಪ್ಪಿನಲ್ಲಿ ಔಷಧಿ ಕೊಟ್ಟು ನೋಡೋಣ, ಇಂಜೆಕ್ಷನ್ನೂ ಬದಲಾಯಿಸೋಣ.

"ವಾಪಸ್ ಬರುತ್ತಾ?" ಎಂದಳು ಅತ್ತಿಗೆ.

"ಬರಬಹುದು. ಪೂರ್ತಿ ಬರುತ್ತೆ ಅಂತ ಮಾತು ಕೊಡಕ್ಕಾಗಲ್ಲಮ್ಮ."

ಹೊರಗೆ ಬಂದೆವು. ಆ ಆಸ್ಪತ್ರೆಯ ಓಣಿ ಬಹಳ ಉದ್ದ, ಎರಡೂ ಕಡೆ ಕುರ್ಚಿಗಳ ಮೇಲೆ ಜನ. ಅರ್ಧ ದಾರಿ ನಡೆದ ಮೇಲೆ, ಐದು ದಿನದಲ್ಲಿ ಮೊದಲ ಸಲ ಅತ್ತಿಗೆ ನನ್ನ ಜೊತೆ ಮಾತಾಡಿದಳು. ಮುಖ ಮುಂದಕ್ಕೇ ಇತ್ತು.

"ನಾಲಿಗೆ ಹೋಯ್ತು ಅಂತ ಅಲ್ಲ ಪುಟ್ಟಿ. ಹೋಗಿದ್ದು ನಂಗೆ ಗೊತ್ತಾಗ್ಲಿಲ್ಲ ನೋಡು. ಆ ತಾತ ಸತ್ತಿದ್ರೂ ನಂಗೆ ಗೊತ್ತಾಗ್ತಿರ್ಲಿಲ್ಲ, ಮಾರನೇ ದಿನ ಮತ್ತೆ ಹಾಕ್ತಿದ್ದೆ. ಇನ್ನೇನೇನು ಹೋಗಿದೆಯೋ. ಒಳಗೆ ಕೂತು ಯಾವುದೋ ನಂಗೆ ಸುಳ್ಳು ಹೇಳ್ತಿದೆ, ನಾನು ನಂಬ್ತಿದೀನಿ."

ನಾನು ಅವಳ ಪಕ್ಕಕ್ಕೆ ಹೆಜ್ಜೆ ಸೇರಿಸಿದೆ.

"ನಿಂಗೆ ಗೊತ್ತಿತ್ತು," ಎಂದಳು. "ನೀನು ಹೇಳ್ಲಿಲ್ಲ."

"ತಪ್ಪಾಯ್ತು ಅತ್ತಿಗೆ. ನಿನ್ನ ಮನಸ್ಸಿಗೆ ನೋವಾಗುತ್ತೆ ಅಂತ."

"ನೋವಾಗ್ಲಿ. ನನ್ನೊಳಗಿರೋದು ಹೇಳಲ್ಲ, ನೀನೂ ಹೇಳಲ್ಲ ಅಂದ್ರೆ ನಾನು ಯಾರನ್ನ ನಂಬ್ಲಿ? ನಿಮ್ಮಣ್ಣ ತಮಾಷೆ ಮಾಡ್ತಾರೆ, ಅಷ್ಟೇ ಅವರ ಕೈಲಾಗೋದು. ಇನ್ಮೇಲೆ ಏನು ಕಂಡ್ರೂ ಹೇಳ್ಬೇಕು. ಎಷ್ಟು ಕೆಟ್ಟದಾದ್ರೂ. ಆಣೆ ಮಾಡು."

"ಹೇಳ್ತೀನಿ. ಆಣೆ."

ಅವಳು ತಲೆ ಆಡಿಸಿ ಮುಂದೆ ನಡೆದಳು. ಮನಸ್ಸು ಸ್ವಲ್ಪ ಹಗುರಾದಂತಿತ್ತು, ಹೆಜ್ಜೆಯೂ ಬಿರುಸಾಯಿತು. ಹೊರಗಿನ ಬಾಗಿಲ ಹತ್ತಿರ ಬಸ್ಸಿನ ವಿಷಯ ಏನೋ ಹೇಳುತ್ತಿದ್ದಳು, ನಾಲ್ಕು ಗಂಟೆಯದು ಸಿಕ್ಕರೆ ಕೂರಲು ಜಾಗ ಸಿಗುತ್ತದೆ ಎಂದು. ಆಗ ನನ್ನ ಕಣ್ಣು ನೆಲದ ಮೇಲೆ ಬಿತ್ತು.

ಅವಳ ಬಲಗಾಲಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿಗಾಲು.

ಹಿಂದೆ ತಿರುಗಿ ನೋಡಿದೆ. ಇಪ್ಪತ್ತು ಇಪ್ಪತ್ತೈದು ಹೆಜ್ಜೆ ಹಿಂದೆ, ಓಣಿಯ ನಡುವೆ, ಅವಳ ಎಡಗಾಲಿನ ಚಪ್ಪಲಿ ಬಿದ್ದಿತ್ತು. ಜನ ಅದನ್ನು ಬಳಸಿಕೊಂಡು ನಡೆಯುತ್ತಿದ್ದರು. ಅತ್ತಿಗೆ ತಣ್ಣನೆಯ ಕಲ್ಲಿನ ಮೇಲೆ ಬರಿಗಾಲನ್ನು ಊರಿ, ಎತ್ತಿ, ಊರಿ ನಡೆಯುತ್ತಿದ್ದಳು, ಎರಡೂ ಕಾಲಿಗೆ ಚಪ್ಪಲಿ ಇರುವವರ ಹಾಗೆ, ನಾಲ್ಕು ಗಂಟೆಯ ಬಸ್ಸಿನ ಬಗ್ಗೆ ಮಾತಾಡುತ್ತಾ. ಓಡಿಹೋಗಿ ಎತ್ತಿಕೊಂಡು ಬಂದು, "ನನ್ನ ಚಪ್ಪಲಿ ಕಿತ್ತುಹೋಯ್ತು, ಒಂದು ನಿಮಿಷ ಕೂತ್ಕೋ" ಎಂದು ಕೂರಿಸಿ, ಹೇಗಾದರೂ ಗೊತ್ತಾಗದ ಹಾಗೆ ಅವಳ ಕಾಲಿಗೆ ಸಿಕ್ಕಿಸಿಬಿಡಬಹುದಿತ್ತು. ಅದು ಹೇಗೆ ಎಂಬುದೂ ತಲೆಯಲ್ಲಿ ಆಗಲೇ ಸಿದ್ಧವಾಗಿತ್ತು.

"ಅತ್ತಿಗೆ," ಎಂದೆ. "ನಿಂತ್ಕೋ. ಕೆಳಗೆ ನೋಡು."

ಅವಳು ನಿಂತಳು. ನನ್ನ ಮುಖವನ್ನು ಮೊದಲು ನೋಡಿದಳು, ಬಹಳ ಹೊತ್ತು. ಆಮೇಲೆ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ಕಾಲಿನ ಕಡೆ ಕಣ್ಣು ಇಳಿಸಿದಳು.